ಮಂತ್ರಿಯ ಮುಂದಿನ ಕಾಲಾಳು: ಹಂಚಿಕೆ, ಹದ ಮತ್ತು ತಪ್ಪಿದ ನಡೆ

ಬಿಳಿಯ ಕಾಯಿಗಳನ್ನು ಆಡುವವನು ಮಂತ್ರಿಯ ಮುಂದೆ ನಿಂತ ಕಾಲಾಳನ್ನು ಎರಡು ಮನೆ ಮುಂದಕ್ಕೆ ನಡೆಸಿ ಆರಂಭಿಸುವ ಚದುರಂಗದ ಆಟಕ್ಕೆ ಮಂತ್ರಿ ಕಾಲಾಳಿನ ಆಟವೆಂದು ಹೆಸರು. ಹಲಗೆಯ ನೇರಸಾಲುಗಳನ್ನು ಎಡದಿಂದ ಬಲಕ್ಕೆ ಎ ಇಂದ ಎಚ್‌ವರೆಗಿನ ಅಕ್ಷರಗಳಿಂದಲೂ ಅಡ್ಡಸಾಲುಗಳನ್ನು 1ರಿಂದ 8ರವರೆಗಿನ ಅಂಕಿಗಳಿಂದಲೂ ಗುರುತಿಸುವುದರಿಂದ, ಈ ಮೊದಲ ನಡೆಯನ್ನು ಡಿ4 ಎಂದು ಬರೆಯುತ್ತಾರೆ. ಮಂತ್ರಿಯನ್ನು ರಾಣಿಯೆಂದು ಕರೆಯುವ ರೂಢಿ ಇತ್ತೀಚೆಗೆ ಹೆಚ್ಚಿದೆಯಾದರೂ ಇಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಳ್ಳಲಾಗಿದೆ. ಪದಾತಿ, ಪೇದೆ, ಸಿಪಾಯಿ ಎಂದು ಊರಿಗೊಂದು ಹೆಸರಿರುವ ಕಾಯಿಯನ್ನು ಕಾಲಾಳು ಎಂದೂ, ಮೂಲೆಯಲ್ಲಿ ನಿಂತು ನೇರವಾಗಿ ಸಾಗುವುದನ್ನು ಆನೆಯೆಂದೂ, ಓರೆಯಾಗಿ ಸಾಗುವುದನ್ನು ಒಂಟೆಯೆಂದೂ ಕರೆಯಲಾಗಿದೆ.

ರಾಜನ ಮುಂದಿನ ಕಾಲಾಳನ್ನು ಇ4 ಮನೆಗೆ ತಂದರೆ ಅದಕ್ಕೆ ಹಿಂದಿನಿಂದ ಯಾರ ಬೆಂಬಲವೂ ಇರುವುದಿಲ್ಲ. ಎದುರಾಳಿ ಅದನ್ನು ಎರಡನೆಯ ನಡೆಯಲ್ಲಿಯೇ ಕೆಣಕಬಹುದಾದ್ದರಿಂದ ಎರಡೂ ಸೈನ್ಯಗಳು ಬೇಗ ಮುಖಾಮುಖಿಯಾಗುತ್ತವೆ. ಡಿ4ರ ಕಾಲಾಳಿಗೆ ಮಾತ್ರ ಬೆನ್ನ ಹಿಂದೆ ಮಂತ್ರಿಯ ಕಾವಲು ಮೊದಲಿನಿಂದಲೇ ಇರುತ್ತದೆ. ಆದ್ದರಿಂದ ಈ ಆಟದಲ್ಲಿ ಹೊಡೆದಾಟ ತಡವಾಗಿ ಬರುತ್ತದೆ, ಹಂಚಿಕೆಗೆ ಹೆಚ್ಚು ಕಾಲ ಸಿಗುತ್ತದೆ, ಮತ್ತು ಇದೇ ಕಾರಣಕ್ಕೆ ಇದು ಅಪಾಯವಿಲ್ಲದ ಆಟವೆಂಬ ಅಭಿಪ್ರಾಯ ಕಲಿಯುವವರಲ್ಲಿಯೂ ಕಲಿಸುವವರಲ್ಲಿಯೂ ಬೇರೂರಿದೆ. ಆಟದ ಕೈಪಿಡಿಗಳು ಸಹ ಹಂಚಿಕೆಗೆ ಒಂದು ಅಧ್ಯಾಯವನ್ನೂ ತಪ್ಪುಗಳಿಗೆ ಇನ್ನೊಂದನ್ನೂ ಮೀಸಲಿಟ್ಟು ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ನಡೆದುಕೊಳ್ಳುತ್ತವೆ. ಪ್ರಸಿದ್ಧ ಆಟಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ದೊಡ್ಡ ತಪ್ಪುಗಳಲ್ಲಿ ಬಹುಪಾಲು ನಡೆಯುವುದು ಕಾಲಾಳೊಂದು ತನ್ನ ನೇರಸಾಲನ್ನು ಬಿಟ್ಟು ಪಕ್ಕಕ್ಕೆ ಹೊಡೆದ ಗಳಿಗೆಯಲ್ಲಿ, ಇಲ್ಲವೇ ಅದರ ಮರುಕ್ಷಣದಲ್ಲಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿ ರಾಗಿಯನ್ನೂ ಕಡಲೆಕಾಯಿಯನ್ನೂ ಬಿತ್ತುವವರು ಬಳಸುವ ‘ಹದ’ ಎಂಬ ಮಾತು ಈ ಗಳಿಗೆಗೆ ಚೆನ್ನಾಗಿ ಒಪ್ಪುತ್ತದೆ. ಬೀಜ ಒಳ್ಳೆಯದಿದ್ದು, ಉಳುಮೆ ಸರಿಯಾಗಿದ್ದು, ಹದ ಮಾತ್ರ ತಪ್ಪಿದರೆ ಮೊಳಕೆ ಏಳುವುದಿಲ್ಲ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರಿನ ಶಾಲಾ ಬಾಲಕ ಹೋಬಳಿ, ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ಆಡುವ ಆಟಕ್ಕೂ ವಿಶ್ವ ಪ್ರಶಸ್ತಿಯ ಆಟಕ್ಕೂ ನಡುವೆ ಇರುವ ದೂರ ಅಪಾರವಾದರೂ, ಕಾಲಾಳಿನ ಹದ ತಪ್ಪುವ ರೀತಿ ಎರಡು ಕಡೆಯೂ ಆಶ್ಚರ್ಯಪಡುವಷ್ಟು ಒಂದೇ ಬಗೆಯದು.

ಈ ಆರಂಭಕ್ಕೂ ಭಾರತಕ್ಕೂ ಇರುವ ನಂಟು ಹೆಸರಿನಲ್ಲಿಯೇ ಉಳಿದುಬಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಚತುರಂಗಕ್ಕೂ ಸ್ಥಾನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ನಡೆಗಳನ್ನು ಹಲವು ಬಗೆಯಲ್ಲಿ ಹೆಣೆದರು. ಅವರ ಒಲವು ಆಟದ ಆರಂಭಗಳಿಗಿಂತ ಇಂಥ ಒಗಟುಗಳ ಕಡೆಗೇ ಇತ್ತೆಂಬುದು ಅವರ ಕೃತಿಗಳಿಂದ ತಿಳಿಯುತ್ತದೆ. ಬಹುಪಾಲು ದೇಶೀ ಪದ್ಧತಿಗಳಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸಾಗುತ್ತಿತ್ತು. ಎರಡು ಮನೆಯ ಜಿಗಿತ, ಹಲಗೆಯ ಆಚೆ ತುದಿಯವರೆಗೆ ಸಾಗುವ ಮಂತ್ರಿಯ ಬಲ, ಇವೆಲ್ಲ ಯುರೋಪಿನಲ್ಲಿ ನೆಲೆಗೊಂಡ ನಿಯಮಗಳು.

ಒಂದೇ ಮನೆ ಸಾಗುವ ಕಾಲಾಳಿಗೆ ಒಗ್ಗಿದ ಕೈ, ಯುರೋಪಿನ ನಿಯಮದಲ್ಲಿ ಆಡುವಾಗಲೂ ಅಂಚಿನ ಕಡೆಯ ಕಾಲಾಳನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಕೂರಿಸಿ, ನಡುಭಾಗವನ್ನು ಎದುರಾಳಿಗೆ ಬಿಟ್ಟುಕೊಟ್ಟು ದೂರದಿಂದ ಅದರ ಮೇಲೆ ಕಣ್ಣಿಡುವುದನ್ನು ಸಹಜವೆಂದು ಭಾವಿಸುತ್ತದೆ. ಕಲ್ಕತ್ತೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ವಿರುದ್ಧ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಆಡಿದ ಆಟಗಳಲ್ಲಿ ಈ ವ್ಯೂಹ ಮತ್ತೆ ಮತ್ತೆ ಕಾಣುತ್ತದೆ. 1855ರ ಒಂದು ಆಟದಲ್ಲಿ ಬಂದ ಮೊದಲ ನಡೆಗಳನ್ನು ಇಂದು ಗ್ರುನ್‌ಫೆಲ್ಡ್ ರಕ್ಷಣೆಯೆಂದು ಕರೆಯುತ್ತಾರೆ, ಆದರೆ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಅದನ್ನು ಆಡಿ ಪ್ರಸಿದ್ಧಿಗೊಳಿಸಿದ್ದು 1922ರಲ್ಲಿ. ಡಿ4ಕ್ಕೆ ಉತ್ತರವಾಗಿ ಕಪ್ಪು ಕುದುರೆಯನ್ನು ಎಫ್6ಕ್ಕೆ ತರುವ ಎಲ್ಲ ರಕ್ಷಣೆಗಳಿಗೂ ‘ಭಾರತೀಯ’ ಎಂಬ ವಿಶೇಷಣ ಅಂಟಿದ್ದು ಈ ಹಿನ್ನೆಲೆಯಿಂದ. ಆಡಿದವನ ಹೆಸರು ಹೋಗಿ ದೇಶದ ಹೆಸರು ಮಾತ್ರ ಉಳಿದದ್ದು ಆ ಕಾಲದ ಲೆಕ್ಕಾಚಾರ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇದೇ ದೇಶೀ ಪದ್ಧತಿಯಲ್ಲಿ ಬೆಳೆದು, ಸರ್ ಉಮರ್ ಹಯಾತ್ ಖಾನ್ ಅವರ ಪರಿವಾರದೊಂದಿಗೆ ಇಂಗ್ಲೆಂಡಿಗೆ ಹೋಗಿ, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವರು ಮಾಜಿ ವಿಶ್ವ ಚಾಂಪಿಯನ್ ಕಾಪಬ್ಲಾಂಕಾರನ್ನು ಸೋಲಿಸಿದ ಆಟ ಮಂತ್ರಿ ಕಾಲಾಳಿನ ಆಟದ ವರ್ಗಕ್ಕೇ ಸೇರುತ್ತದೆ. ಸಿ ನೇರಸಾಲಿನಲ್ಲಿ ಎರಡು ಆನೆಗಳನ್ನು ಒಂದರ ಹಿಂದೊಂದು ನಿಲ್ಲಿಸುವ ಕಾಪಬ್ಲಾಂಕಾ ಅವರ ಹಂಚಿಕೆ ಪುಸ್ತಕ ಮೆಚ್ಚುವಂಥದ್ದೇ ಆಗಿತ್ತು. ಆದರೆ ಅದನ್ನು ಕೊನೆಯವರೆಗೆ ಎಳೆದು ಆನೆಯನ್ನು ಬಿಳಿಯ ಮನೆಯಂಗಳಕ್ಕೆ ನುಗ್ಗಿಸಿ ಶಹ್ ಕೊಟ್ಟಾಗ, ಎರಡು ಆನೆಗಳು ಹೋಗಿ ಮಂತ್ರಿಯೊಂದು ಕೈಗೆ ಬಂತು. ಆ ಮಂತ್ರಿಗೆ ಒಳಹೋಗಲು ದಾರಿಯೇ ಸಿಗಲಿಲ್ಲ. ಸುಲ್ತಾನ್ ಖಾನ್ ಅವಸರವಿಲ್ಲದೆ ರಾಜನನ್ನು ಭದ್ರಪಡಿಸಿ 65ನೆಯ ನಡೆಯಲ್ಲಿ ಗೆದ್ದರು. ವಿಶ್ವ ಚದುರಂಗ ಒಕ್ಕೂಟ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಹೋಗಿ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಾದ ಮೇಲೆ.

ಹಂಚಿಕೆಯೆಂಬುದು ಇಲ್ಲಿ ಕಾಲಾಳುಗಳ ನಿಲುವಿನಿಂದ ಹುಟ್ಟುತ್ತದೆ, ಏಕೆಂದರೆ ಬೇರೆ ಕಾಯಿಗಳಿಗೆ ಹಿಂದಕ್ಕೆ ಬರುವ ಅವಕಾಶವಿದ್ದರೆ ಕಾಲಾಳಿಗೆ ಅದಿಲ್ಲ. ಅತ್ಯಂತ ಹೆಚ್ಚು ಚರ್ಚೆಗೊಳಗಾದ ನಿಲುವೆಂದರೆ ಮಂತ್ರಿಯ ಗ್ಯಾಂಬಿಟ್‌ನ ವಿನಿಮಯ ವ್ಯೂಹ. ಡಿ4ರ ನಂತರ ಕಪ್ಪು ಡಿ5ಕ್ಕೆ ಬಂದಾಗ ಬಿಳಿ ಸಿ4ಕ್ಕೆ ತನ್ನ ಕಾಲಾಳನ್ನು ಒಡ್ಡುವುದೇ ಮಂತ್ರಿಯ ಗ್ಯಾಂಬಿಟ್. ಗ್ಯಾಂಬಿಟ್ ಎಂದರೆ ಮೇಲುಗೈಗಾಗಿ ಕಾಯಿಯೊಂದನ್ನು ಒಡ್ಡುವ ಆರಂಭ, ಆದರೆ ಇಲ್ಲಿ ಒಡ್ಡಿದ್ದನ್ನು ಬಿಳಿ ಸಾಮಾನ್ಯವಾಗಿ ಮರಳಿ ಪಡೆಯುತ್ತದೆ. ಕಪ್ಪು ಇ6ರಿಂದ ಆಸರೆ ಕೊಟ್ಟ ಮೇಲೆ ಬಿಳಿ ಡಿ5ರಲ್ಲಿ ಹೊಡೆದು, ಕಪ್ಪು ಇ ಕಾಲಾಳಿನಿಂದ ಮರಳಿ ಹೊಡೆದರೆ, ಕಾರ್ಲ್ಸ್‌ಬಾಡ್ ರಚನೆ ಎಂಬ ಹೆಸರಿನ ನಿಲುವು ಏರ್ಪಡುತ್ತದೆ. ಮಂತ್ರಿಯ ಬದಿಯಲ್ಲಿ ಆಗ ಬಿಳಿಗೆ ಎರಡು ಕಾಲಾಳುಗಳಿದ್ದರೆ ಕಪ್ಪಿಗೆ ಮೂರಿರುತ್ತವೆ. ಸಂಖ್ಯೆ ಕಡಿಮೆಯಿರುವ ಕಡೆಯಲ್ಲಿಯೇ ದಾಳಿ ಮಾಡಬೇಕೆಂಬುದು ವಿಚಿತ್ರವಾಗಿ ಕೇಳುತ್ತದೆ. ಆದರೆ ಬಿ ಕಾಲಾಳನ್ನು ಬಿ4, ಬಿ5 ಎಂದು ನೂಕಿ ಸಿ6ರಲ್ಲಿ ಹೊಡೆದಾಗ ಕಪ್ಪಿನ ಸರಪಳಿ ತುಂಡಾಗಿ, ಸಿ6ರ ಕಾಲಾಳು ಪಕ್ಕದ ಆಸರೆಯಿಲ್ಲದೆ ತೆರೆದ ಸಾಲಿನಲ್ಲಿ ಬಿಳಿಯ ಆನೆಗಳಿಗೆ ಗುರಿಯಾಗುತ್ತದೆ. ಇದನ್ನು ಅಲ್ಪಸಂಖ್ಯೆಯ ದಾಳಿ ಎನ್ನಬಹುದು. ಇದೇ ರಚನೆಯಲ್ಲಿ ಬೊಟ್ವಿನ್ನಿಕ್ 1952ರ ಸೋವಿಯತ್ ಚಾಂಪಿಯನ್‌ಷಿಪ್‌ನಲ್ಲಿ ಕೆರೆಸ್ ವಿರುದ್ಧ ಎಫ್3ರಿಂದ ಆಸರೆ ಕೊಟ್ಟು ಇ4ಕ್ಕೆ ನುಗ್ಗುವ ಬೇರೊಂದು ಹಂಚಿಕೆಯನ್ನು ಗೆಲುವಿನವರೆಗೆ ಒಯ್ದು ತೋರಿಸಿದರು. ಒಂದೇ ನಿಲುವಿಗೆ ಎರಡು ಹಂಚಿಕೆಗಳಿರುವುದರಿಂದಲೇ ಎಡವುವುದು ಸುಲಭ: ಬಿ5 ನೂಕುವ ಆತುರದಲ್ಲಿರುವವನು ಕಪ್ಪು ಕುದುರೆ ಇ4ಕ್ಕೆ ಬಂದು ರಾಜನ ಕಡೆಗೆ ತಿರುಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೆಯ ನಿಲುವು ಒಂಟಿ ಕಾಲಾಳಿನದು. ಡಿ4ರ ಕಾಲಾಳಿನ ಎರಡೂ ಪಕ್ಕದ ಸಾಲುಗಳಲ್ಲಿ ಸ್ವಂತ ಕಾಲಾಳು ಇಲ್ಲದಿದ್ದರೆ ಅದು ಕಾಯಿಗಳಿಗೆ ಓಡಾಡಲು ಬಯಲನ್ನೂ ಇ5ರಲ್ಲಿ ಕುದುರೆಗೆ ಠಾಣೆಯನ್ನೂ ಕೊಡುತ್ತದೆ, ಆದರೆ ಕಾಯಿಗಳು ಒಂದೊಂದಾಗಿ ಮಾಯವಾದಂತೆ ಕಾಯಲೇಬೇಕಾದ ಹೊರೆಯಾಗುತ್ತದೆ. ಅದರ ಮುಂದಿನ ಮನೆಯಲ್ಲಿ ಕುದುರೆಯನ್ನು ನಿಲ್ಲಿಸಿ ದಾರಿ ಕಟ್ಟುವ ತತ್ತ್ವವನ್ನು ನಿಮ್ಜೊವಿಚ್ 1925ರಲ್ಲಿ ಪ್ರಕಟಣೆ ಆರಂಭಿಸಿದ ‘ನನ್ನ ಪದ್ಧತಿ’ ಎಂಬರ್ಥದ ಹೆಸರಿನ ಪುಸ್ತಕದಲ್ಲಿ ವಿವರವಾಗಿ ಬೆಳೆಸಿದರು. ಈ ನಿಲುವಿನಲ್ಲಿ ಡಿ5ಕ್ಕೆ ನುಗ್ಗುವ ಒಂದೇ ನಡೆ ಬಿಳಿಯ ಇಡೀ ಹಂಚಿಕೆಯ ಸಾರ. ಒಂದು ನಡೆ ಮುಂಚೆ ನುಗ್ಗಿದರೆ ಕಾಲಾಳು ನಷ್ಟ, ಒಂದು ನಡೆ ತಡವಾದರೆ ದಾರಿ ಕಟ್ಟಿಹೋಗಿರುತ್ತದೆ.

ಬಲೆಗಳ ವಿಚಾರದಲ್ಲಿ ಇದೇ ಸಂಬಂಧ ಇನ್ನೂ ಸ್ಪಷ್ಟವಾಗುತ್ತದೆ. ಶಾಲಾ ಮಟ್ಟದಲ್ಲಿ ಇಂದಿಗೂ ಬಲಿ ತೆಗೆದುಕೊಳ್ಳುವ ‘ಆನೆಯ ಬಲೆ’ 1848ರಲ್ಲಿ ಬರ್ಲಿನ್‌ನಲ್ಲಿ ಮಾಯೆಟ್ ಮತ್ತು ಹಾರ್‌ವಿಟ್ಸ್ ನಡುವೆ ನಡೆದ ಆಟದಷ್ಟು ಹಳೆಯದು. ಬಿಳಿಯ ಒಂಟೆ ಜಿ5ರಲ್ಲಿ ನಿಂತು ಎಫ್6ರ ಕುದುರೆಯನ್ನು ಕಟ್ಟಿಹಾಕಿರುತ್ತದೆ, ಅಂದರೆ ಕುದುರೆ ಜರುಗಿದರೆ ಹಿಂದಿರುವ ಮಂತ್ರಿ ಒಂಟೆಯ ಬಾಯಿಗೆ ಬೀಳುತ್ತದೆ. ಡಿ5ರಲ್ಲಿ ಕಾಲಾಳುಗಳ ವಿನಿಮಯವಾದೊಡನೆ ಬಿಳಿ, ಕಪ್ಪು ಕುದುರೆ ಅಲುಗಾಡಲಾರದೆಂಬ ನಂಬಿಕೆಯಿಂದ, ತನ್ನ ಕುದುರೆಯಿಂದ ಡಿ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಮಂತ್ರಿಯ ಆಸೆ ಬಿಟ್ಟು ಆ ಕುದುರೆಯನ್ನು ಹೊಡೆಯುತ್ತದೆ; ಬಿಳಿ ಮಂತ್ರಿಯನ್ನು ತಿಂದ ಮೇಲೆ ಕಪ್ಪು ಒಂಟೆ ಬಿ4ಕ್ಕೆ ಬಂದು ಶಹ್ ಕೊಟ್ಟಾಗ, ಸಿ3ರಲ್ಲಿ ಇರಬೇಕಾಗಿದ್ದ ಕುದುರೆ ಹೋಗಿರುವುದರಿಂದ, ನಡುವೆ ಬಂದು ತಡೆಯಬಲ್ಲದ್ದು ಬಿಳಿಯ ಮಂತ್ರಿಯೊಂದೇ. ಲೆಕ್ಕ ಮುಗಿದಾಗ ಕಪ್ಪಿನ ಬಳಿ ಒಂದು ಕಾಯಿ ಹೆಚ್ಚಿರುತ್ತದೆ. ಇಲ್ಲಿ ಬಿಳಿಯ ವಿನಿಮಯ ತಪ್ಪಲ್ಲ, ಅದು ಮೇಲೆ ವಿವರಿಸಿದ ಒಳ್ಳೆಯ ಹಂಚಿಕೆಯ ಮೊದಲ ಹೆಜ್ಜೆ. ಮರುನಡೆಯಲ್ಲಿಯೇ ಅದರ ಫಲ ಉಣ್ಣಲು ಹೊರಟದ್ದು ತಪ್ಪು.

ಕಪ್ಪಿನ ಕಡೆಯ ಆಸೆಬುರುಕತನವೂ ಇದೇ ಜಾತಿಯದು. ಗ್ಯಾಂಬಿಟ್‌ನ ಸಿ4 ಕಾಲಾಳನ್ನು ಹೊಡೆದು, ಅದನ್ನು ಉಳಿಸಿಕೊಳ್ಳಲೆಂದು ಬಿ5 ನೂಕಿ, ಬಿಳಿ ಎ4ರಿಂದ ಕೆಣಕಿದಾಗ ಸಿ6ರಿಂದ ಆಸರೆ ಕೊಟ್ಟವನು, ಬಿ5ರಲ್ಲಿ ಹೊಡೆತ ಬಿದ್ದು ಸಿ ಕಾಲಾಳಿನಿಂದ ಮರಳಿ ಹೊಡೆದ ಗಳಿಗೆಯಲ್ಲಿ ತನ್ನ ಆನೆ ನಿಂತ ಎ8ರವರೆಗಿನ ಉದ್ದನೆಯ ಓರೆಸಾಲನ್ನು ತಾನೇ ತೆರೆದಿರುತ್ತಾನೆ. ಬಿಳಿಯ ಮಂತ್ರಿ ಎಫ್3ಕ್ಕೆ ಬಂದರೆ ಆನೆಯನ್ನೋ ಅದಕ್ಕೆ ಅಡ್ಡ ಬಂದ ಕಾಯಿಯನ್ನೋ ಬಿಡಲೇಬೇಕು. ಮಹಾನ್ ಆಟಗಾರ ಅಕಿಬಾ ರೂಬಿನ್‌ಸ್ಟೈನ್ ಇದಕ್ಕಿಂತ ಸೂಕ್ಷ್ಮವಾದ ಬಲೆಯೊಂದರಲ್ಲಿ ಎರಡು ಸಲ ಬಿದ್ದು ಅದಕ್ಕೆ ತಮ್ಮ ಹೆಸರನ್ನೇ ಕೊಟ್ಟರು: 1928ರಲ್ಲಿ ಬಾಡ್ ಕಿಸ್ಸಿಂಗೆನ್‌ನಲ್ಲಿ ಯೂವೆ ವಿರುದ್ಧ, 1930ರಲ್ಲಿ ಸ್ಯಾನ್ ರೆಮೊದಲ್ಲಿ ಅಲೆಖೀನ್ ವಿರುದ್ಧ. ಬಿಳಿಯ ಕುದುರೆ ಡಿ5ರಲ್ಲಿ ಹೊಡೆದಾಗ ಸಿ6ರ ಕಾಲಾಳಿನಿಂದ ಮರಳಿ ಹೊಡೆದರೆ ಸಿ ಸಾಲು ತೆರೆದು, ಬಿಳಿಯ ಆನೆಯ ಬೆಂಬಲದಿಂದ ಒಂಟೆ ಸಿ7ಕ್ಕೆ ಬಂದು ಮಂತ್ರಿಯನ್ನು ತನ್ನದೇ ಕಾಯಿಗಳ ನಡುವೆ ಸೆರೆಹಿಡಿಯುತ್ತದೆ. ಒಮ್ಮೆ ಬಿದ್ದ ಹಳ್ಳದಲ್ಲಿಯೇ ಅಷ್ಟು ದೊಡ್ಡ ಆಟಗಾರ ಎರಡು ವರ್ಷಗಳೊಳಗೆ ಮತ್ತೆ ಬಿದ್ದದ್ದನ್ನು ಮರೆವೆಂದು ತಳ್ಳಿಹಾಕುವುದಕ್ಕಿಂತ, ಕಾಲಾಳಿನಿಂದ ಮರಳಿ ಹೊಡೆಯಬಹುದೆಂಬ ನಂಬಿಕೆ ಎಷ್ಟು ರೂಢಿಯಾಗಿಬಿಡುತ್ತದೆಂಬುದರ ಸಾಕ್ಷ್ಯವೆಂದು ಓದುವುದೇ ಸರಿ.

ವಿಶ್ವ ಪ್ರಶಸ್ತಿಯ ಆಟಗಳಲ್ಲಿ ವಿಶ್ವನಾಥನ್ ಆನಂದ್ ಅವರ ಮೂರು ಪಂದ್ಯಗಳು ಈ ವಿಷಯಕ್ಕೆ ಗಣಿಯಿದ್ದಂತೆ. ಬಹುಕಾಲ ರಾಜ ಕಾಲಾಳಿನ ಆಟಗಾರರೆಂದೇ ಹೆಸರಾಗಿದ್ದ ಅವರು 2008ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ವಿರುದ್ಧ ಡಿ4ಕ್ಕೆ ಬದಲಾಯಿಸಿ ಎದುರಾಳಿಯ ಸಿದ್ಧತೆಯನ್ನು ಬುಡಮೇಲು ಮಾಡಿದರು. ಆದರೂ ಪಂದ್ಯದ ದಿಕ್ಕನ್ನು ನಿರ್ಧರಿಸಿದ್ದು ಕ್ರಾಮ್ನಿಕ್ ತಾವೇ ಡಿ4 ಆಡಿ ಸೋತ ಮೂರನೆಯ ಮತ್ತು ಐದನೆಯ ಆಟಗಳು. ಐದನೆಯ ಆಟದಲ್ಲಿ ಕಪ್ಪಿನ ಕಾಲಾಳೊಂದು ಬಿಳಿಯ ನೆಲದೊಳಗೆ ಡಿ4ರವರೆಗೆ ಬಂದು ಕೂತಿತ್ತು. ಅದನ್ನು ಸುತ್ತುಗಟ್ಟಿ ತೆಗೆಯುವುದು ಬಿಳಿಯ ದೀರ್ಘ ಹಂಚಿಕೆ. 29ನೆಯ ನಡೆಯಲ್ಲಿ ಕ್ರಾಮ್ನಿಕ್ ಕುದುರೆಯಿಂದ ಅದನ್ನು ಹೊಡೆದರು. ಮಂತ್ರಿಗಳೂ ಆನೆಗಳೂ ಹೊಡೆದಾಡಿಕೊಂಡ ಐದು ನಡೆಗಳ ಆಚೆ ಆನಂದ್ ತಮ್ಮ ಕುದುರೆಯನ್ನು ಇ3ರಲ್ಲಿ ಬಲಿಗೊಟ್ಟಾಗ, ಅದನ್ನು ಹೊಡೆದ ಬಿಳಿಯ ಕಾಲಾಳಿನ ಜಾಗಕ್ಕೆ ಬಂದ ಕಪ್ಪು ಕಾಲಾಳನ್ನು ಮಂತ್ರಿಯಾಗದಂತೆ ತಡೆಯುವವರೇ ಇರಲಿಲ್ಲ. 35 ನಡೆಗಳಿಗೆ ಆಟ ಮುಗಿಯಿತು. ಕ್ರಾಮ್ನಿಕ್ ಲೆಕ್ಕ ಹಾಕದೆ ಆಡಿದವರಲ್ಲ. ಹತ್ತಾರು ನಡೆಗಳಿಂದ ಕಣ್ಣಿಟ್ಟಿದ್ದ ಕಾಲಾಳು ಕೈಗೆ ಬಂದಾಗ ಲೆಕ್ಕವನ್ನು ಒಂದು ನಡೆ ಮುಂಚೆ ನಿಲ್ಲಿಸಿದರು.

2010ರ ಮೇ 11ರಂದು ಸೋಫಿಯಾದಲ್ಲಿ ಟೊಪಲೋವ್ ವಿರುದ್ಧ ನಡೆದ ಹನ್ನೆರಡನೆಯ ಮತ್ತು ಕೊನೆಯ ಆಟ ಇನ್ನೂ ಬೋಧಕವಾದದ್ದು. ಅಂಕಗಳು ಸಮವಾಗಿದ್ದವು; ಡ್ರಾ ಆದರೆ ವೇಗದ ಆಟಗಳಲ್ಲಿ ಆನಂದ್ ಅವರನ್ನು ಎದುರಿಸಬೇಕಾಗುತ್ತಿತ್ತು. ಲಾಸ್ಕರ್ ರಕ್ಷಣೆಯ ನೀರಸವೆನ್ನಬಹುದಾದ ನಿಲುವಿನಲ್ಲಿ ಆನಂದ್ ತಮ್ಮ ಒಂಟೆಯನ್ನು ಎ8ರ ಮೂಲೆಗೆ ಹಿಂತೆಗೆದಿದ್ದರು. ಅಲ್ಲಿಂದ ಬಿಳಿಯ ರಾಜ ನಿಂತ ಜಿ2ರವರೆಗೆ ಒಂದೇ ಓರೆಸಾಲು. ಅದನ್ನು ಮುಚ್ಚಿದ್ದದ್ದು ಬಿಳಿಯ ಕಾಲಾಳುಗಳು. ಇ4 ನೂಕಿದ ಟೊಪಲೋವ್, ಕಪ್ಪು ಎಫ್5ರಿಂದ ಕೆಣಕಿದಾಗ 31ನೆಯ ನಡೆಯಲ್ಲಿ ಇ ಕಾಲಾಳಿನಿಂದ ಹೊಡೆದರು, ಕಪ್ಪು ಇ4ಕ್ಕೆ ಕಾಲಾಳನ್ನು ಬಲಿಗೊಟ್ಟಾಗ 32ನೆಯ ನಡೆಯಲ್ಲಿ ಎಫ್ ಕಾಲಾಳಿನಿಂದ ಅದನ್ನೂ ಹೊಡೆದರು. ಎರಡು ನಡೆಗಳಲ್ಲಿ ಎರಡು ಬಾಗಿಲು ತೆರೆದು ರಾಜ ಬಯಲಿಗೆ ಬಿದ್ದನು. ಮಧುಗಿರಿಯ ಬೆಟ್ಟದ ಕೋಟೆಯನ್ನು ಹತ್ತಿದವರಿಗೆ ಒಂದಾದ ಮೇಲೊಂದು ಬಾಗಿಲು ದಾಟಬೇಕಾದ ಆ ಕಟ್ಟಡದ ತರ್ಕ ತಿಳಿದಿರುತ್ತದೆ: ಹೊರಬಾಗಿಲು ಹೋದರೂ ಒಳಬಾಗಿಲು ಉಳಿದಿರಬೇಕು. ಟೊಪಲೋವ್ ಒಳಬಾಗಿಲನ್ನೂ ತಮ್ಮ ಕೈಯಿಂದಲೇ ತೆಗೆದರು, 56ನೆಯ ನಡೆಯಲ್ಲಿ ಸೋಲೊಪ್ಪಿದರು.

ಈ ವಾದಕ್ಕೆ ಪೂರ್ತಿ ಒಗ್ಗದ ಆಟವೂ ಇದೆ. 2012ರಲ್ಲಿ ಮಾಸ್ಕೊದಲ್ಲಿ ಆನಂದ್ ಗೆಲ್ಫಾಂಡ್ ಅವರನ್ನು ಎಂಟನೆಯ ಆಟದಲ್ಲಿ ಕೇವಲ 17 ನಡೆಗಳಲ್ಲಿ ಸೋಲಿಸಿದರು. ವಿಶ್ವ ಪ್ರಶಸ್ತಿಯ ಆಟಗಳಲ್ಲಿ ಇಷ್ಟು ಬೇಗ ಸೋಲುಗೆಲುವು ಕಂಡದ್ದು ಬೇರೊಂದಿಲ್ಲ. ಕಪ್ಪಿನ ಮಂತ್ರಿ ಕಾಲಾಳನ್ನೂ ಮೂಲೆಯ ಆನೆಯನ್ನೂ ತಿನ್ನುತ್ತಾ ಎಚ್1ಕ್ಕೆ ಹೋಯಿತು, ಬಿಳಿಯ ಮಂತ್ರಿ ಎಫ್2ಕ್ಕೆ ಸರಿದು ಅದರ ಮರಳುವ ದಾರಿಯನ್ನು ಮುಚ್ಚಿತು. ಎಫ್ ಸಾಲು ತೆರೆದದ್ದು ಕಾಲಾಳಿನ ಹೊಡೆತದಿಂದಲೇ ಆದರೂ ಇಲ್ಲಿಯ ತಪ್ಪನ್ನು ಕಾಲಾಳಿನ ತಲೆಗೆ ಕಟ್ಟುವುದು ಬಲವಂತವಾದೀತು. ಹೋಗುವ ದಾರಿಯನ್ನು ನೋಡಿ ಬರುವ ದಾರಿಯನ್ನು ನೋಡದ ಸರಳ ಕುರುಡು ಅದು. 2024ರಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ ಮೂರನೆಯ ಆಟ ಮತ್ತೆ ವಿನಿಮಯ ವ್ಯೂಹಕ್ಕೆ ಮರಳಿಸುತ್ತದೆ. ಅಲ್ಲಿ ಕಪ್ಪು ಒಂಟೆ ಸಿ2ರವರೆಗೆ ಸಾಗಿ ನಿಂತಿತ್ತು. ಗುಕೇಶ್ ಎಫ್3 ಆಡಿ, ಇ4ರಿಂದ ಅದರ ಹಿಮ್ಮರಳುವ ಓರೆಸಾಲನ್ನು ಮುಚ್ಚಿದಾಗ ಬೊಟ್ವಿನ್ನಿಕ್ ಅವರ ಹಳೆಯ ಹಂಚಿಕೆಯ ನಡೆಗಳೇ ಬೇಟೆಯ ಬಲೆಯಾದವು. ಇಲ್ಲಿ ಕಾಲಾಳು ಬಾಗಿಲು ತೆರೆಯಲಿಲ್ಲ, ಹಾಕಿತು. ಒಂಟೆಯನ್ನು ಕಳೆದುಕೊಂಡ ಡಿಂಗ್ ಅವರ ಗಡಿಯಾರದ ಸಮಯವೂ 37ನೆಯ ನಡೆಯ ಹೊತ್ತಿಗೆ ತೀರಿತು.

ಕರ್ನಾಟಕದಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಸ್ಟ್ಯಾನಿ ಜಿ.ಎ., ಗಿರೀಶ್ ಕೌಶಿಕ್ ಅವರ ಹಿಂದೆಯೇ ಬಂದರು, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಆ ಪದವಿಯನ್ನೂ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನೂ ಪಡೆದರು. ಮೇಲಿನ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಂಥ ಕಡೆಗಳಲ್ಲಿ ಆಟ ಹಬ್ಬುವುದು ಶಾಲಾ ಕ್ರೀಡಾಕೂಟ ಮತ್ತು ಮೊಬೈಲ್ ಫೋನ್ ಎಂಬ ಎರಡು ದಾರಿಗಳಿಂದ. ಎರಡೂ ಅವಸರದ ದಾರಿಗಳಾದ್ದರಿಂದ ಲಂಡನ್ ಪದ್ಧತಿಗೆ ಬೇಡಿಕೆ ಹೆಚ್ಚು. ಡಿ4ರ ನಂತರ ಒಂಟೆಯನ್ನು ಎಫ್4ಕ್ಕೆ ತಂದು ಇ3, ಸಿ3 ಎಂದು ತ್ರಿಕೋನದ ಗೋಡೆ ಕಟ್ಟುವ ಈ ಪದ್ಧತಿಯನ್ನು ಎದುರಾಳಿ ಏನೇ ಆಡಿದರೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಆಡಬಹುದು. ಬಾಯಿಪಾಠದ ಆರೇಳು ನಡೆಗಳು ಮುಗಿದ ಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಅದು ಹೇಳಿಕೊಡುವುದಿಲ್ಲ. ಅದರ ಹತ್ತಿರದ ಬಂಧುವಾದ ಕಾಲೆ ಪದ್ಧತಿಯಲ್ಲಿ ಉತ್ತರ ಖಚಿತವಾಗಿದೆ: ಇ4ಕ್ಕೆ ನುಗ್ಗಿ ನಡುಭಾಗವನ್ನು ತೆರೆಯಬೇಕು. ಬೆಲ್ಜಿಯಂನ ಎಡ್ಗರ್ ಕಾಲೆ 1930ರಲ್ಲಿ ನೀಸ್ ನಗರದಲ್ಲಿ ಒ’ಹ್ಯಾನ್ಲನ್ ವಿರುದ್ಧ ಹೀಗೆ ತೆರೆದ ಮೇಲೆಯೇ ಒಂಟೆಯನ್ನು ಎಚ್7ರಲ್ಲಿ ಬಲಿಗೊಟ್ಟು ರಾಜನನ್ನು ಹೊರಗೆಳೆದರು. ಗೋಡೆ ಮುಚ್ಚಿರುವಾಗಲೇ ಆ ಬಲಿಯನ್ನು ಅನುಕರಿಸಿದವನು ಸುಮ್ಮನೆ ಒಂಟೆಯನ್ನು ಕಳೆದುಕೊಳ್ಳುತ್ತಾನೆ.

ಗಣಕಯಂತ್ರದ ವಿಶ್ಲೇಷಣೆ ಈಗ ಯಾವ ಹಳ್ಳಿಯಲ್ಲಿಯೂ ಬೆರಳ ತುದಿಗೆ ಸಿಗುತ್ತದೆ. ಕ್ರಾಮ್ನಿಕ್ ಅವರ 29ನೆಯ ನಡೆಗೆ ಅದು ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿ ಅಂಕಿಯೊಂದನ್ನು ತೋರಿಸುತ್ತದೆ, ಮತ್ತು ಆ ಅಂಕಿ ಸರಿಯಾಗಿಯೇ ಇರುತ್ತದೆ. ಡಿ4ರ ಆ ಕಾಲಾಳು ಎಷ್ಟು ನಡೆಗಳಿಂದ ಬಿಳಿಯ ಕಣ್ಣಲ್ಲಿ ಕೂತಿತ್ತು, ಅದನ್ನು ತೆಗೆಯುವ ಆಸೆ ಯಾವ ನಡೆಯಲ್ಲಿ ಲೆಕ್ಕವನ್ನು ಮೀರಿತು ಎಂಬುದನ್ನು ತಿಳಿಯಬೇಕಾದರೆ, ನಡೆಗಳನ್ನು ಬರೆದಿಟ್ಟ ಹಾಳೆಯನ್ನು 29ರಿಂದ ಹಿಂದಕ್ಕೆ, ಕಾಲಾಳುಗಳು ಕೊನೆಯ ಸಲ ಸಾಲು ಬದಲಿಸಿದ ಜಾಗದವರೆಗೆ ಓದಬೇಕಾಗುತ್ತದೆ.